ಗಾಜಿನ ಮನೆಯ ದಾಯಾದಿ ಜಗಳ

"ಎಂತ ಮಾರಾಯ್ರೆ, ಇದೂ ಹೋಯಿತು!"

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಕಂಪೌಂಡಿನ ಆಚೆಯಿಂದ ಈ ಕೂಗು ಕೇಳಿ ನಾವು ಚಹಾದ ಲೋಟ ಅಲ್ಲೇ ಇಟ್ಟು ಓಡಿದೆವು. ಕೂಗಿದವರು ನೆರೆಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ. ಕುರ್ಚಿ ಬಿಟ್ಟು ಹತ್ತು ವರ್ಷ ಕಳೆದರೂ ನಮ್ಮ ಬೀದಿಗೆ ಅವರು ಇನ್ನೂ 'ಮೆನೇಜರ್ರು'. ಹೋದದ್ದು ಯಾರು ಎಂದು ಗಾಬರಿಯಾಗಬೇಡಿ. ಒಂದು ಮೀನು. ಎರಡೂವರೆ ಇಂಚಿನದ್ದು.

ಮಂಗಳೂರಿನಲ್ಲಿ ಮೀನು ಸತ್ತದ್ದೂ ಒಂದು ಸುದ್ದಿಯೇ, ದಕ್ಕೆಗೆ ಹೋದರೆ ಬುಟ್ಟಿಗಟ್ಟಲೆ ಸಿಗುತ್ತವಲ್ಲ ಎನ್ನುತ್ತೀರಿ. ಇದು ಬಂಗುಡೆ, ಬೂತಾಯಿಯ ಮಾತಲ್ಲ. ಮೆನೇಜರ್ರ ಹಾಲಿನಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ ಉಂಟು. ಸುಮಾರು 180 ಲೀಟರ್ ಉಪ್ಪು ನೀರು. ಪಂಪು ಗಿಂಪು ಎಲ್ಲ ದುಬೈಯ ಮಗ ಕಳಿಸಿದ್ದು. ಕಡಲು ಇಷ್ಟು ಹತ್ತಿರ ಇದ್ದೂ ಅವರು ಪೊಟ್ಟಣದ ಉಪ್ಪನ್ನೇ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ತೂಗಿ ಕರಗಿಸುತ್ತಾರೆ. ನಾವು ಮೊದಲು ನಕ್ಕಿದ್ದೆವು. ಆದರೆ ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಕೆಂಪು ನೀರು ತಂದು ಸುರಿಯುವಾಗ ನಮ್ಮ ದಡದ ನೀರು ಅತ್ತ ಉಪ್ಪೂ ಅಲ್ಲ, ಇತ್ತ ಸಪ್ಪೆಯೂ ಅಲ್ಲ. ಅವರು ಮಾಡಿದ್ದೇ ಸರಿ.

ಆ ತೊಟ್ಟಿಯಲ್ಲಿ ಎರಡು ವರ್ಷದಿಂದ ಒಂದೇ ಒಂದು ಕ್ಲೌನ್ ಮೀನು. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ. ಮನೆಯವರು ತೀರಿಕೊಂಡ ಮೇಲೆ ಮೆನೇಜರ್ರು ಸಂಜೆಯೆಲ್ಲ ಅದರ ಮುಂದೆ ಕೂತಿರುವುದನ್ನು ನಾವು ಕಿಟಕಿಯಿಂದ ಕಂಡಿದ್ದೇವೆ. ಕೊನೆಗೆ ಒಂದು ದಿನ ಅಂದರು, "ಪಾಪದ್ದು, ಒಂಟಿ. ಒಂಟಿ ಇರುವುದು ಎಂತ ಅಂತ ನನಗೆ ಗೊತ್ತುಂಟು." ಅಂಗಡಿಗೆ ಹೋದರು. ಅಂಗಡಿಯವ, "ಜೋಡಿ ಮಾಡಿ ಸರ್, ಚಂದ ಕಾಣ್ತದೆ" ಎಂದು ಅದೇ ಜಾತಿಯ, ಅದೇ ಅಳತೆಯ ಇನ್ನೊಂದನ್ನು ಚೀಲಕ್ಕೆ ಹಾಕಿ ಕೊಟ್ಟ. ಅಂಗಡಿಯ ಹೆಸರು ಬೇಡ ಬಿಡಿ.

ಮೂರು ದಿನ. ಹಳೆಯದು ಹೊಸದನ್ನು ಅಟ್ಟಿಸಿತು, ಕಚ್ಚಿತು, ರೆಕ್ಕೆ ಹರಿಯಿತು. ಹೊಸದು ಪಂಪಿನ ಕೊಳವೆಯ ಹಿಂದೆ ಮೂಲೆ ಹಿಡಿದು ನಿಂತದ್ದು ನಿಂತ ಹಾಗೆಯೇ ಸತ್ತಿತು. ಅಂಗಡಿಯವನನ್ನು ಕೇಳಿದರೆ "ನೀರು ಸರಿ ಇಲ್ಲ ಸರ್." ಮೆನೇಜರ್ರು ನೀರು ಬದಲಿಸಿದರು, ಇನ್ನೊಂದು ಮೀನು ತಂದರು. ಅದೂ ಅಷ್ಟೇ ದೊಡ್ಡದು. ಅದು ಐದು ದಿನ ಬಾಳಿತು. ನಾವು ಓಡಿ ಹೋದದ್ದು ಅದರ ಮರಣಕ್ಕೆ.

ನೀರಿನ ತಪ್ಪು ಇರಲಿಲ್ಲ ಸ್ವಾಮಿ. ತಪ್ಪು 'ಜೋಡಿ' ಎಂಬ ನಮ್ಮ ಕಲ್ಪನೆಯದು.

ನಮ್ಮಲ್ಲಿ ಅಕ್ಕಪಕ್ಕದ ಜಮೀನಿನವರು ಗಡಿಕಲ್ಲಿಗಾಗಿ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತಾರೆ. ಅವರು ಪರಕೀಯರೇ? ಅಲ್ಲ, ದಾಯಾದಿಗಳು. ಪರಕೀಯನಿಗೆ ನಿಮ್ಮ ಗದ್ದೆಯಲ್ಲಿ ಪಾಲಿಲ್ಲ. ಹವಳದ ದಿಬ್ಬದ ಮೀನಿನ ಲೆಕ್ಕವೂ ಇಷ್ಟೇ. ಬೇರೆ ಜಾತಿಯ ಮೀನಿಗೆ ಬೇರೆ ತಿಂಡಿ, ಬೇರೆ ಬಿಲ. ತನ್ನ ಜಾತಿಯದ್ದೇ ಬಂದರೆ ಅದು ಕೇಳುವುದು ಅದೇ ತಿಂಡಿ, ಅದೇ ಬಿಲ, ಅದೇ ಸಂಗಾತಿ. ನೀಲಿ ಡ್ಯಾಮ್ಸೆಲ್ ಮೀನು ಅಗ್ಗ ಅಂತ ಐದಾರು ತಂದು ಬಿಟ್ಟವರ ತೊಟ್ಟಿಯಲ್ಲಿ ಕೊನೆಗೆ ಒಂದೇ ಉಳಿದ ಕತೆ ಈ ಹವ್ಯಾಸದವರಲ್ಲಿ ಮಾಮೂಲು. ಸರ್ಜನ್ ಮೀನಂತೂ ಬಾಲದ ಬುಡದಲ್ಲಿ ಚೂರಿಯನ್ನೇ ಇಟ್ಟುಕೊಂಡು ತಿರುಗುತ್ತದೆ.

ಆದರೆ ತನ್ನವರನ್ನು ಮೀನು ಗುರುತಿಸುವುದು ಹೇಗೆ? ಜಪಾನಿನ ಓಕಿನಾವಾದಲ್ಲಿ ಕಿನಾ ಹಯಾಶಿ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಪ್ರಯೋಗ ಮೋಜಿನದು. ಮೊಟ್ಟೆಯಿಂದಲೇ ತೊಟ್ಟಿಯಲ್ಲಿ ಬೆಳೆದ, ಬೇರೆ ಜಾತಿಯ ಕ್ಲೌನ್ ಮೀನನ್ನು ಕಂಡೇ ಇರದ ಮರಿಗಳ ಮುಂದೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಿಲ್ಲೆ ತೂಗಿದರು. ಪಟ್ಟೆಯೇ ಇಲ್ಲದ ಬಿಲ್ಲೆಯ ತಂಟೆಗೆ ಅವು ಅಷ್ಟಾಗಿ ಹೋಗಲಿಲ್ಲ. ಮೂರು ಪಟ್ಟೆ ಬಳಿದ ಬಿಲ್ಲೆ ಕಂಡರೆ ಏರಿ ಹೋದವು. ಮೀನು ಪಟ್ಟೆ ಎಣಿಸುತ್ತದೆ ಅಂತ ಕಾಣುತ್ತದೆ. ಇದಕ್ಕೆ ಕೋಡಂಗಿ ಎಂದು ಹೆಸರಿಟ್ಟವನು ಇದರ ಜಗಳ ನೋಡಿರಲಿಕ್ಕಿಲ್ಲ.

ಕಡಲಿನಲ್ಲೂ ಇವು ಜಗಳವಾಡುತ್ತವೆ, ಆದರೆ ಅಲ್ಲಿ ಸೋತದ್ದಕ್ಕೆ ದಾರಿ ಉಂಟು. ನಮ್ಮ ಕೋಳಿ ಅಂಕದಲ್ಲೂ ಒಂದು ಕೋಳಿ ಬೆನ್ನು ತಿರುಗಿಸಿ ಓಡಿದರೆ ಅಲ್ಲಿಗೆ ಅಂಕ ಮುಗಿಯಿತು. ಮೂರಡಿ ಗಾಜಿನೊಳಗೆ ಓಡುವುದು ಎಲ್ಲಿಗೆ? ಕಡಲಿನಲ್ಲಿ ನಾಲ್ಕು ಮಾರು ಅಟ್ಟಿ ಬಿಡುವ ಜಗಳ ಇಲ್ಲಿ ಕೊಲೆಯಾಗುತ್ತದೆ. ಕೊಂದದ್ದು ಮೀನೋ, ಹಿಂಬಾಗಿಲಿಲ್ಲದ ಮನೆ ಕಟ್ಟಿದವರೋ?

ಕ್ಲೌನ್ ಮೀನಿನ ಸಂಸಾರದಲ್ಲಿ ಇನ್ನೊಂದು ಗುಟ್ಟು ಉಂಟು. ಎಲ್ಲವೂ ಮೊದಲು ಗಂಡು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅವಳೇ ಯಜಮಾನಿ. ಎರಡನೆಯದು ಗಂಡ. ಉಳಿದವು ಸರದಿಯಲ್ಲಿ ನಿಂತ ಚಿಕ್ಕವು. ಯಜಮಾನಿ ಸತ್ತರೆ ಗಂಡನೇ ಹೆಣ್ಣಾಗುತ್ತಾನೆ! (2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಚಿತ್ರದಲ್ಲಿ ತಾಯಿ ಸತ್ತ ಮೇಲೆ ಅಪ್ಪ ಅಪ್ಪನಾಗಿಯೇ ಉಳಿಯುತ್ತಾನೆ. ಸಿನಿಮಾದವರಿಗೆ ಅಷ್ಟು ರಿಯಾಯಿತಿ ಇರಲಿ.) ಒಮ್ಮೆ ಹೆಣ್ಣಾದದ್ದು ಮತ್ತೆ ಗಂಡಾಗುವುದಿಲ್ಲ. ಎರಡು ವರ್ಷ ಒಂದೇ ಆಗಿ ತೊಟ್ಟಿ ಆಳಿದ ದೊಡ್ಡ ಮೀನು ಹೆಣ್ಣಾಗಿರುವ ಸಂಭವವೇ ಹೆಚ್ಚು. ಅದರೆದುರು ಅಷ್ಟೇ ದೊಡ್ಡದನ್ನು ಬಿಟ್ಟರೆ ಒಂದು ಮನೆಗೆ ಇಬ್ಬರು ಯಜಮಾನಿಯರು. ಸೋಲಲು ಯಾರಿಗೂ ದಾರಿಯೇ ಇಲ್ಲ.

ಚಿಕ್ಕದಕ್ಕೆ ಮಾತ್ರ ದಾರಿ ಉಂಟು. ಪಪುವಾ ನ್ಯೂಗಿನಿಯ ಕಡಲಲ್ಲಿ ಈ ಮೀನುಗಳ ಬೆನ್ನು ಹಿಡಿದ ಪೀಟರ್ ಬಸ್ಟನ್ ಎಂಬವರು 2003ರಲ್ಲಿ ಬರೆದದ್ದು ಕೇಳಿ. ಕೆಳಗಿನ ಸ್ಥಾನದ ಮೀನು ಬೇಕೆಂದೇ ಬೆಳೆಯದೆ ಉಳಿಯುತ್ತದಂತೆ. ಮೇಲಿನದರ ಅಳತೆಗೆ ಬಂದರೆ ಹೊರಗೆ ಅಟ್ಟುತ್ತಾರಲ್ಲ! ಬ್ಯಾಂಕಿನಲ್ಲಿ ಪ್ರಮೋಷನ್ನಿಗೆ ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ ಎಂದು ಮೆನೇಜರ್ರು ಅಂದರು. ಎರಡನೆಯ ಸಾವಿನ ನಂತರ ಅವರು ನಕ್ಕದ್ದು ಅದೇ ಮೊದಲು.

ಮೂರನೆಯ ಸಲ ಅವರು ಕಣ್ಣು ತೆರೆದು ಹೋದರು. ತಂದದ್ದು ಒಂದು ಇಂಚೂ ಇಲ್ಲದ ಮರಿ. ತೊಟ್ಟಿಯಲ್ಲಿ ಹುಟ್ಟಿದ ಮರಿಯೇ ಬೇಕೆಂದು ಹಠ ಹಿಡಿದರು. ಕೊಚ್ಚಿಯ ಕೇಂದ್ರೀಯ ಸಾಗರ ಮೀನು ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನಿನ ಮರಿ ಮಾಡಿಸುವುದನ್ನು ಎಂದೋ ಸಾಧಿಸಿರುವಾಗ ಕಡಲಿನದ್ದನ್ನು ಯಾಕೆ ಹಿಡಿಸಬೇಕು ಎಂಬ ವಾದ ಅವರದು. ತೊಟ್ಟಿಯ ಕಲ್ಲುಗಳನ್ನೆಲ್ಲ ಅತ್ತಿತ್ತ ಮಾಡಿದರು. ಹಳೆಯ ಯಜಮಾನಿಗೆ ತನ್ನ ಗಡಿಕಲ್ಲು ಎಲ್ಲಿ ಎಂದೇ ತಿಳಿಯಬಾರದು. (ಕಲ್ಲು ಅಂದರೆ ಕಲ್ಲೇ. ಹವಳ ತಂದು ಹಾಕೀರಿ ಜೋಕೆ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಅದು 2001ರಲ್ಲೇ ಸೇರಿದೆ.) ಮರಿಯನ್ನು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಅದೇ ತೊಟ್ಟಿಯೊಳಗೆ ಹತ್ತು ದಿನ ತೂಗಿದರು. ದೊಡ್ಡದು ಡಬ್ಬಿಗೆ ಗುದ್ದಿತು, ಮರುದಿನ ಮತ್ತೆ ಗುದ್ದಿತು, ಆಮೇಲೆ ಬೇಸತ್ತಿತು. ಬಿಟ್ಟ ಮೇಲೂ ಜಗಳವೆದ್ದರೆ ಪೆಟ್ಟು ತಿಂದದ್ದನ್ನಲ್ಲ, ಪೆಟ್ಟು ಕೊಟ್ಟದ್ದನ್ನೇ ಡಬ್ಬಿಗೆ ಹಾಕಬೇಕು ಎಂದು ಅನುಭವಸ್ಥರು ಹೇಳಿದ್ದರಂತೆ. ಅದಕ್ಕೆ ಇನ್ನೊಂದು ದೊಡ್ಡ ಡಬ್ಬಿಯೂ ತಯಾರಿತ್ತು.

ಬಿಟ್ಟ ದಿನ ನಾವೂ ಹೋಗಿ ನಿಂತಿದ್ದೆವು. ಬೆಂಗಳೂರಿನ ಮೊಮ್ಮಗಳು ಫೋನಿನಲ್ಲಿ ನೋಡುತ್ತಿದ್ದಳು. ದೊಡ್ಡದು ನೆಟ್ಟಗೆ ಬಂತು. ಮರಿ ಓಡಲಿಲ್ಲ. ಮೈ ವಾಲಿಸಿ ಗಡಗಡ ನಡುಗಿತು.

"ಅಜ್ಜ, ಅದಕ್ಕೆ ಹೆದರಿಕೆಯಾ?"

"ಅದು ಅವುಗಳ ಭಾಷೆ ಪುಟ್ಟಿ. ನೀನೇ ದೊಡ್ಡವಳು ಅಂತ ಹೇಳ್ತಾ ಉಂಟು."

ದೊಡ್ಡದು ಒಂದು ಸುತ್ತು ಬಂದು, ಬಾಲ ಬೀಸಿ, ತಿಂಡಿಯ ಕಡೆ ಹೋಯಿತು.

ಈಗ ಎರಡು ತಿಂಗಳಾಯಿತು. ಎರಡೂ ಬದುಕಿವೆ. ರಾತ್ರಿ ಒಂದೇ ಮೂಲೆಯಲ್ಲಿ ಮಲಗುತ್ತವೆ. ಡಬ್ಬಿಯನ್ನು ಮಾತ್ರ ಮೆನೇಜರ್ರು ಇನ್ನೂ ತೆಗೆದಿಲ್ಲ. ಒಂದು ಬದಿಗೆ ಸಣ್ಣ ಕಂಡಿ ಕೊರೆದು ಅಲ್ಲೇ ತೂಗು ಹಾಕಿದ್ದಾರೆ. ದೊಡ್ಡದರ ಮೈ ಆ ಕಂಡಿಯಲ್ಲಿ ಹಿಡಿಯುವುದಿಲ್ಲ.