ತೇಗದ ತೋಪಿನಲ್ಲಿ ಕೊಡಲಿ ಕಂಡಾಗ

ಪ್ರತಿ ಬೇಸಿಗೆಯಲ್ಲೂ ವಾಟ್ಸ್ಆ್ಯಪ್‌ನಲ್ಲಿ ಒಂದೇ ಬಗೆಯ ಫೋಟೊ ಸುತ್ತುತ್ತದೆ. ತೇಗದ ಮರಗಳ ನಡುವೆ ಹೊಸದಾಗಿ ಕಡಿದ ಬುಡಗಳು, ಪಕ್ಕದಲ್ಲಿ ದಿಮ್ಮಿಗಳ ರಾಶಿ, ಕೆಳಗೆ ‘ಬರಗಾಲದಲ್ಲೂ ಕಾಡಿನ ಕೊಲೆ’ ಎಂಬ ಬರಹ. ಕಳಿಸುವವರ ಕಾಳಜಿ ನಿಜ, ನಂಬಿಕೆ ತಪ್ಪು. ಈ ತಪ್ಪಿನಿಂದ ನಷ್ಟ ಮರಗಳಿಗೇ.

ಫೋಟೊದಲ್ಲಿರುವುದು ಕಾಡಲ್ಲ, ನೆಡುತೋಪು. ವಾಡಿಕೆಯಂತೆ ಎರಡು ಮೀಟರಿಗೊಂದು ತೇಗ ನೆಟ್ಟರೆ ಹೆಕ್ಟೇರಿಗೆ 2,500 ಸಸಿ. ಅಷ್ಟನ್ನೂ ಕೊನೆತನಕ ಬೆಳೆಸುವ ಉದ್ದೇಶ ನೆಟ್ಟವರಿಗೇ ಇರುವುದಿಲ್ಲ. ಒತ್ತಾಗಿ ನೆಡುವುದು ಕಾಂಡ ನೆಟ್ಟಗೆ ಏರಲೆಂದು. ಆಮೇಲೆ ಸೊರಗಿದ್ದು, ಡೊಂಕಾದದ್ದನ್ನು ಕೆಲವು ವರ್ಷಗಳಿಗೊಮ್ಮೆ ತೆಗೆಯುತ್ತ ಹೋಗಬೇಕು. ಐವತ್ತು ಅರವತ್ತು ವರ್ಷಕ್ಕೆ ನೂರಿನ್ನೂರು ಮರ ಉಳಿದರೆ ತೋಪು ಸರಿಯಾಗಿದೆ ಎಂದರ್ಥ. ಇದನ್ನೇ ಥಿನ್ನಿಂಗ್ ಎನ್ನುವುದು. ಪೈರು ಒತ್ತಾದರೆ ಕಿತ್ತು ತೆಳುಮಾಡುವ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮಳೆ ಕೈಕೊಡದ ಕಾಲದಲ್ಲಿ ಈ ಕೆಲಸ ತಡವಾದರೆ ಮರ ಸಣಕಲಾಗುತ್ತಿತ್ತು, ಅಷ್ಟೆ. ಈಗ ಹಾಗಿಲ್ಲ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಮಣ್ಣಲ್ಲಿ ಉಳಿದ ತೇವಕ್ಕೆ ಎಷ್ಟು ಬೇರು ಬಾಯಿ ಹಾಕುತ್ತವೆ ಎಂಬುದೇ ಮುಖ್ಯ. ಆ ಪೈಪೋಟಿಯ ಗುರುತು ಮರದೊಳಗೇ ಇರುತ್ತದೆ: ತೇಗದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡುತ್ತದೆ. ಹಳಿಯಾಳದ ಕಡೆ ಹಳೆಯ ತೋಪೊಂದರಲ್ಲಿ ಕಡಿದ ಬುಡದ ಮುಂದೆ ಕೂತು ಎಣಿಸಿದ್ದೇನೆ. ನಡುಭಾಗದಲ್ಲಿ ಎರಡು ಬಳೆಗಳ ಮಧ್ಯೆ ಕಿರುಬೆರಳು ಹಿಡಿಸುತ್ತಿತ್ತು. ತೊಗಟೆಯ ಹತ್ತಿರ ಬಂದಾಗ ನನ್ನ ಉಗುರಿನಡಿ ಮೂರು ಬಳೆ ಮುಚ್ಚಿಹೋದವು. ಸುತ್ತಲಿನ ಮರಗಳು ಒತ್ತಿ ನಿಂತು, ಅದು ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ಬದುಕಿತ್ತು.

ಕಡಿದರೆ ಇಂಗಾಲವೆಲ್ಲ ಗಾಳಿ ಸೇರುತ್ತದೆ ಎನ್ನುವವರಿಗೆ ಒಂದು ಮಾತು: ಒಣಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ, ಬಾಗಿಲವಾಡವಾದ ತೇಗ ಅದನ್ನು ತಲೆಮಾರುಗಟ್ಟಲೆ ಹಿಡಿದಿಡುತ್ತದೆ.

ಘಟ್ಟದ ನಿತ್ಯಹರಿದ್ವರ್ಣ ಕಾಡಿಗೆ ನನ್ನ ಮಾತು ಅನ್ವಯಿಸುವುದಿಲ್ಲ, ಅಲ್ಲಿ ಕೊಡಲಿಗೆ ಕೆಲಸವಿಲ್ಲ. ದಶಕಗಟ್ಟಲೆ ಮುಟ್ಟದ ತೋಪನ್ನು ಒಮ್ಮೆಲೇ ಬಯಲು ಮಾಡುವುದೂ ತಪ್ಪು. ಉಳಿದ ಸಣಕಲು ಮರಗಳು ಗಾಳಿಗೆ ಉರುಳುತ್ತವೆ. ಸ್ವಲ್ಪಸ್ವಲ್ಪವೇ ತೆಳುಮಾಡಿದರೆ ಬೆಳಕು ಬಿದ್ದಲ್ಲಿ ಮತ್ತಿ, ನಂದಿ, ಹೊನ್ನೆ ತಾವಾಗಿ ಮೊಳೆಯುತ್ತವೆ. ಅವನ್ನು ಸವರಿ ಹಾಕದೆ ಬಿಡಬೇಕು. ಬರವನ್ನೂ ಕೀಟವನ್ನೂ ಒಂಟಿ ಜಾತಿಯ ತೋಪಿಗಿಂತ ಮಿಶ್ರ ತೋಪು ಚೆನ್ನಾಗಿ ತಡೆದುಕೊಳ್ಳುತ್ತದೆ.

ಹಸಿರಾಗಿದ್ದದ್ದೆಲ್ಲ ಕಾಡು, ಕಡಿದದ್ದೆಲ್ಲ ಕೊಲೆ ಎಂದು ನಂಬಿಬಿಟ್ಟಿದ್ದೇವೆ. ಓದಿದವರೂ ಯೋಚಿಸದೆ ಫಾರ್ವರ್ಡ್ ಮಾಡುತ್ತಾರೆ. ನಿಂತಲ್ಲೇ ಒಣಗಿದ ಮರದ ಫೋಟೊವನ್ನು ಮಾತ್ರ ಯಾರೂ ಹಂಚುವುದಿಲ್ಲ.

ಹಾಗೆಂದು ಕಡಿದದ್ದೆಲ್ಲ ಸರಿ ಎಂದಲ್ಲ. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಅರಣ್ಯ ಇಲಾಖೆಯ ಕಾರ್ಯಯೋಜನೆಯಲ್ಲಿ ಇಲ್ಲದೆ ಅರಣ್ಯದಲ್ಲಿ ಮರ ಕಡಿಯುವಂತಿಲ್ಲ. ಮುಂದಿನ ಸಲ ಫೋಟೊ ಬಂದಾಗ ಇಲಾಖೆಗೆ ಮೂರು ಪ್ರಶ್ನೆ ಕೇಳಿ: ತೋಪಿಗೆ ಎಷ್ಟು ವಯಸ್ಸು, ಎಷ್ಟು ಮರ ಉಳಿಸಿದ್ದಾರೆ, ಕಾರ್ಯಯೋಜನೆಯಲ್ಲಿ ಇದು ಇದೆಯೇ? ಉತ್ತರ ಕೊಡದಿದ್ದರೆ ಆಗ ದನಿ ಎತ್ತಿ, ನಾನೂ ಬರುತ್ತೇನೆ.