ಅರಳುಮರಳೂ ಸನ್ನಿಯೂ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮಗೆಲ್ಲ ಪರಿಚಿತ. ಹಿರಿಯರು ಬಳಸುತ್ತಿದ್ದ ಇನ್ನೊಂದು ಮಾತು ಸನ್ನಿ. ಮರೆವಿನ ರೋಗಿಯನ್ನು ನೋಡಿಕೊಳ್ಳುವ ಮನೆಯವರು ಇವೆರಡರ ಅಂತರವನ್ನು ಅರಿತಿರಬೇಕೆಂಬುದೇ ನಾನು ಇಲ್ಲಿ ಹೇಳಬಯಸುವ ವಿಷಯ.

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ವಿವರಿಸಿದ ಕಾಯಿಲೆಯು ಮೆದುಳನ್ನು ವರ್ಷಗಳ ಕಾಲ ಮೆಲ್ಲಮೆಲ್ಲನೆ ಸವೆಸುತ್ತದೆ; ರಾತ್ರಿ ಬೆಳಗಾಗುವುದರೊಳಗೆ ಉಲ್ಬಣಿಸುವುದು ಅದರ ಸ್ವಭಾವವಲ್ಲ. ನಿನ್ನೆಯವರೆಗೆ ಮಗಳನ್ನು ಗುರುತಿಸುತ್ತಿದ್ದ ತಾಯಿ ಇಂದು ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಕಂಡು ಬೆದರಿದರೆ, ಅಥವಾ ತುತ್ತನ್ನೂ ಒಲ್ಲದೆ ಮಂಕಾಗಿ ಮಲಗಿಬಿಟ್ಟರೆ, ಅದು ಸನ್ನಿಯಿರಬಹುದು. ಮೌನದ ಈ ಎರಡನೆಯ ರೂಪವೇ ಹೆಚ್ಚಾಗಿ ನಮ್ಮ ಕಣ್ಣು ತಪ್ಪಿಸುತ್ತದೆ.

ಇದರ ಬೇರು ಅನೇಕ ವೇಳೆ ಮೆದುಳಿನ ಹೊರಗಿರುತ್ತದೆ: ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ನೀರಿನ ಕೊರತೆ, ಹೇಳಿಕೊಳ್ಳಲಾರದ ನೋವು, ಹೊಸದಾಗಿ ಕೊಟ್ಟ ನಿದ್ರೆಯ ಅಥವಾ ನೆಗಡಿಯ ಮಾತ್ರೆ. ವೃದ್ಧರಲ್ಲಿ ಸೋಂಕಿದ್ದರೂ ಜ್ವರ ಬಾರದಿರಬಹುದು. ಆದರೆ ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಸೂಚನೆ. ರಕ್ತದ ಹೆಪ್ಪನ್ನು ಕರಗಿಸುವ ಮದ್ದಿಗೆ ಸಾಮಾನ್ಯವಾಗಿ 4½ ಗಂಟೆಗಳಷ್ಟೇ ಅವಕಾಶ.

ರೋಗಿ ತನ್ನ ಸಂಕಟವನ್ನು ತಾನೇ ವಿವರಿಸಲಾರರು. ಬದಲಾವಣೆ ಎಂದು ತೋರಿತು, ಊಟ, ನೀರು, ಮಲಮೂತ್ರ ಹೇಗಿದ್ದವು, ಯಾವ ಮಾತ್ರೆ ಹೊಸತು ಎಂಬುದನ್ನು ಬರೆದು ವೈದ್ಯರ ಮುಂದಿಡಬಲ್ಲವರು ಮನೆಯವರೇ. ‘ಇವರು ಎಂದಿನಂತಿಲ್ಲ’ ಎಂಬ ಅವರ ಮಾತಿಗೆ ತೂಕವಿದೆ.

ಅಲ್ಝೈಮರ್ ಕಾಯಿಲೆಯನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಸನ್ನಿಯನ್ನಾದರೋ, ಕಾರಣ ಹುಡುಕಿ ಚಿಕಿತ್ಸೆ ಮಾಡಿದರೆ ಅನೇಕ ವೇಳೆ ಇಳಿಸಬಹುದು. ‘ವಯಸ್ಸಾಯಿತು’ ಎಂದು ಸುಮ್ಮನಾದರೆ ಕೈತಪ್ಪುವುದು ಈ ಅವಕಾಶವೇ.