ಗಾಳಿಯ ಗೋಡೆಯೂ ನಾಲ್ವರು ಸವಾರರೂ

ಎದುರುಗಾಳಿಯಲ್ಲಿ ಬೈಸಿಕಲ್ ತುಳಿದವರೆಲ್ಲರಿಗೂ ಒಂದು ಅನುಭವವುಂಟು. ಎಷ್ಟು ತುಳಿದರೂ ಗಾಡಿ ಮುಂದೆ ಸಾಗದು. ಆದರೆ ಮುಂದೆ ಹೋಗುತ್ತಿರುವ ಗೆಳೆಯನ ಬೆನ್ನ ಹಿಂದೆ ಸೇರಿಕೊಂಡೊಡನೆಯೇ ಪೆಡಲು ಹಗುರವಾದಂತೆ ತೋರುತ್ತದೆ. ಗಾಳಿ ಬೀಸದ ದಿನವೂ ಸವಾರನಿಗೆ ಎದುರುಗಾಳಿ ತಪ್ಪಿದ್ದಲ್ಲ. ಅವನ ವೇಗವೇ ಅದನ್ನು ಸೃಷ್ಟಿಸುತ್ತದೆ. ಈ ಹೋರಾಟವನ್ನು ಸ್ಪಷ್ಟವಾಗಿ ಕಾಣಬೇಕಾದರೆ ‘ಪರ್ಸ್ಯೂಟ್’ ಎಂಬ ಸೈಕಲ್ ಪಂದ್ಯವನ್ನು ನೋಡಬೇಕು.

ಪರ್ಸ್ಯೂಟ್ ಎಂದರೆ ಬೆನ್ನಟ್ಟುವಿಕೆ. ಬಾಣಲೆಯಂತೆ ಹೊರಬದಿಗೆ ಎತ್ತರಿಸಿದ, 250 ಮೀಟರು ಸುತ್ತಳತೆಯ ಪಥದಲ್ಲಿ ಇಬ್ಬರು ಎದುರಾಳಿಗಳು ಎದುರುಬದುರು ಬದಿಗಳಿಂದ ಹೊರಡುತ್ತಾರೆ. 16 ಸುತ್ತುಗಳಿಗೆ 4,000 ಮೀಟರು. ಒಂಟಿ ಪಂದ್ಯದಲ್ಲಿ ಸವಾರನಿಗೆ ಯಾರ ಮರೆಯೂ ಇಲ್ಲ. ತಂಡದ ಪಂದ್ಯದಲ್ಲಿಯಾದರೋ ನಾಲ್ವರು ಚಕ್ರಕ್ಕೆ ಚಕ್ರ ತಾಗುವಷ್ಟು ಸಮೀಪದಲ್ಲಿ ಸಾಲಾಗಿ ಸಾಗುತ್ತಾರೆ. ಮೂರನೆಯವನ ಮುಂದಿನ ಚಕ್ರವು ಗೆರೆಯನ್ನು ದಾಟಿದಾಗ ತಂಡದ ಕಾಲವನ್ನು ಗುರುತಿಸುತ್ತಾರೆ.

ದೂರ ಒಂದೇ, ಕಾಲ ಮಾತ್ರ ಬೇರೆ. 2024ರ ಅಕ್ಟೋಬರಿನಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಇಟಲಿಯ ಜೊನಾಥನ್ ಮಿಲಾನ್ ಈ ದೂರವನ್ನು ಒಂಟಿಯಾಗಿ 3 ನಿಮಿಷ 59.153 ಸೆಕೆಂಡುಗಳಲ್ಲಿ ಕ್ರಮಿಸಿದನು. ಅದೇ ವರ್ಷದ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ತಂಡಕ್ಕೆ 3 ನಿಮಿಷ 40.730 ಸೆಕೆಂಡುಗಳೇ ಸಾಕಾದವು. ಮೊದಲನೆಯದು ಗಂಟೆಗೆ 60.2 ಕಿಲೊಮೀಟರು, ಎರಡನೆಯದು 65.2. ಇಬ್ಬರೂ ಒಟ್ಟಿಗೆ ಹೊರಟಿದ್ದರೆ, ತಂಡವು ಗುರಿ ಮುಟ್ಟುವ ಹೊತ್ತಿಗೆ ಮಿಲಾನ್ ಒಂದು ಸುತ್ತಿಗಿಂತಲೂ ಹೆಚ್ಚು ಹಿಂದಿರುತ್ತಿದ್ದನು. ಮಿಲಾನನು ದುರ್ಬಲನೇ? ಖಂಡಿತ ಅಲ್ಲ. ಹಾಗಾದರೆ ಈ ಅಂತರವೆಲ್ಲಿಂದ ಬಂದಿತು?

ಘನದ ನಿಯಮ

ಇಂತಹ ವೇಗದಲ್ಲಿ ಸವಾರನ ಶ್ರಮದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಗಾಳಿಯನ್ನು ಸರಿಸುವುದಕ್ಕೇ ವ್ಯಯವಾಗುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ತಡೆಯನ್ನು ವೇಗದಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ ದೊರೆಯುವುದರಿಂದ, ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಇಮ್ಮಡಿಯಾದರೆ ಸಾಮರ್ಥ್ಯ ಎಂಟುಮಡಿಯಾಗಬೇಕು! ಮಿಲಾನನು ಒಂಟಿಯಾಗಿಯೇ ಆಸ್ಟ್ರೇಲಿಯನ್ನರ ವೇಗವನ್ನು ಮುಟ್ಟಬೇಕಾಗಿದ್ದರೆ, ಶೇಕಡಾ 8ರಷ್ಟು ಹೆಚ್ಚಿನ ವೇಗಕ್ಕಾಗಿ ಶೇಕಡಾ 27ರಷ್ಟು ಹೆಚ್ಚಿನ ಸಾಮರ್ಥ್ಯವನ್ನು ತೆರಬೇಕಾಗುತ್ತಿತ್ತು.

ದೂರದ ಲೆಕ್ಕ

ದೂರ ಹೆಚ್ಚಿದಂತೆ ವೇಗ ಕಡಮೆಯಾಗುವುದು ಸಹಜ. ಸ್ನಾಯುಗಳಿಗೆ ಶಕ್ತಿಯು ಎರಡು ಬಗೆಯಲ್ಲಿ ಒದಗುತ್ತದೆ. ಉಸಿರಿನ ಆಮ್ಲಜನಕದಿಂದ ಎಡೆಬಿಡದೆ ದೊರೆಯುವ ಶಕ್ತಿ ತಿಂಗಳ ಸಂಬಳವಿದ್ದಂತೆ. ಆಮ್ಲಜನಕಕ್ಕೆ ಕಾಯದೆ ಸ್ನಾಯುವು ಕೊಡಬಲ್ಲ ಶಕ್ತಿ ಕೂಡಿಟ್ಟ ಗಂಟಿದ್ದಂತೆ. ಗಂಟು ಸಣ್ಣದು. ಅದನ್ನು ಹತ್ತು ಸೆಕೆಂಡುಗಳಲ್ಲಿ ಚೆಲ್ಲಬಹುದು, ನಾಲ್ಕು ನಿಮಿಷಗಳಿಗೆ ಹಂಚಬಹುದು. ಗಂಟೆಗೆ ಹಂಚಿದರೆ ಪಾಲಿಗೆ ಬರುವುದು ಅತ್ಯಲ್ಪ. ಪ್ಯಾರಿಸಿನಲ್ಲಿ ನೆದರ್‌ಲೆಂಡ್ಸ್‌ನ ಹ್ಯಾರಿ ಲಾವ್ರೈಸನ್, ಮೊದಲೇ ವೇಗ ಪಡೆದುಕೊಂಡು, 200 ಮೀಟರುಗಳನ್ನು 9.088 ಸೆಕೆಂಡುಗಳಲ್ಲಿ ದಾಟಿದನು. ಅದು ಗಂಟೆಗೆ 79 ಕಿಲೊಮೀಟರಿಗೂ ಮೀರಿದ ವೇಗ. 2025ರಿಂದ ಮಹಿಳೆಯರ ಒಂಟಿ ಪಂದ್ಯದ ದೂರ 3,000ದಿಂದ 4,000 ಮೀಟರಿಗೆ ಏರಿದೆ. ಅದೇ ಗಂಟನ್ನು ಅವರೀಗ ಹೆಚ್ಚು ಕಾಲ ಬಾಳಿಸಬೇಕಾಗಿದೆ.

ಆದರೂ ನಾಲ್ಕು ನಿಮಿಷಗಳ ವೇಗಕ್ಕೂ ಒಂದು ಗಂಟೆಯ ವೇಗಕ್ಕೂ ಇರುವ ಅಂತರ ನಾವು ಊಹಿಸುವಷ್ಟು ದೊಡ್ಡದಲ್ಲ. ಇಟಲಿಯ ಫಿಲಿಪ್ಪೊ ಗನ್ನಾ 2022ರ ಅಕ್ಟೋಬರ್ 8ರಂದು ಒಂದು ಗಂಟೆಯಲ್ಲಿ 56.792 ಕಿಲೊಮೀಟರು ಸಾಗಿದನು. ಆರು ದಿನಗಳ ಅನಂತರ 4,000 ಮೀಟರುಗಳನ್ನು 3 ನಿಮಿಷ 59.636 ಸೆಕೆಂಡುಗಳಲ್ಲಿ, ಎಂದರೆ ಗಂಟೆಗೆ 60.1 ಕಿಲೊಮೀಟರಿನಂತೆ, ಮುಗಿಸಿದನು. ದೂರ ಹದಿನಾಲ್ಕು ಮಡಿಯಾದರೂ ವೇಗ ಇಳಿದದ್ದು ಶೇಕಡಾ ಐದೂವರೆಯಷ್ಟು ಮಾತ್ರ! ಇಲ್ಲಿಯೂ ಘನದ ನಿಯಮವೇ ಕಾರಣ. ಗಾಳಿಯ ತಡೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ, ಸಾಮರ್ಥ್ಯವು ಶೇಕಡಾ 16ರಷ್ಟು ಕುಗ್ಗಿದಾಗ ವೇಗ ಇಷ್ಟೇ ಇಳಿಯುತ್ತದೆ.

ಬೆನ್ನಿನ ಮರೆ

ಮುಂದಿನ ಸವಾರನು ಗಾಳಿಯನ್ನು ಸೀಳಿದಾಗ ಅವನ ಹಿಂದೆ ಒತ್ತಡ ಕಡಮೆಯಾಗಿ, ಅಲ್ಲಿನ ಗಾಳಿಯೂ ಅವನೊಡನೆ ಮುಂದಕ್ಕೆ ಎಳೆಯಲ್ಪಡುತ್ತದೆ. ಆ ಮರೆಯಲ್ಲಿರುವವನಿಗೆ ಎದುರಾಗುವ ಗಾಳಿ ಮಂದವಾಗಿರುತ್ತದೆ. ಅಮೆರಿಕದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಗಂಟೆಗೆ 60 ಕಿಲೊಮೀಟರು ವೇಗದಲ್ಲಿ ಸಾಲಿನ ಮುಂದಾಳಿಗೆ ಸುಮಾರು 607 ವಾಟ್ ಬೇಕಾದರೆ, ಎರಡನೆಯವನಿಗೆ 430, ಮೂರನೆಯ ಮತ್ತು ನಾಲ್ಕನೆಯವರಿಗೆ 389 ವಾಟ್ ಸಾಕು. ನಾಲ್ವರೂ ಸರದಿಯಂತೆ ಸಮನಾಗಿ ಮುಂದಾಳಾದರೆ, ಪ್ರತಿಯೊಬ್ಬನ ಸರಾಸರಿ ಹೊರೆ ಒಂಟಿ ಸವಾರನ ಹೊರೆಯ ಮುಕ್ಕಾಲು ಪಾಲಾಗುತ್ತದೆ. ಉಳಿದ ಕಾಲು ಪಾಲನ್ನು ವೇಗಕ್ಕೆ ತೊಡಗಿಸಿದರೆ, ಘನಮೂಲದ ಲೆಕ್ಕದಲ್ಲಿ ಶೇಕಡಾ 10ರಷ್ಟು ವೇಗ ಹೆಚ್ಚಬೇಕು. ನಾವು ಮೇಲೆ ಕಂಡದ್ದು 8. ಲೆಕ್ಕಕ್ಕೂ ಪಥಕ್ಕೂ ಇಷ್ಟೊಂದು ಹೊಂದಿಕೆಯಿರುವುದೇ ಆಶ್ಚರ್ಯ.

ಉಳಿದ ಎರಡು ಎಲ್ಲಿ ಹೋದವು? ನಿಂತಲ್ಲಿಂದ ಹೊರಡುವಾಗ ಮರೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ತಂಡದ ನಾಲ್ವರೂ ಮಿಲಾನರಾಗಿರುವುದಿಲ್ಲ. ಇದಲ್ಲದೆ ಸರದಿ ಬದಲಿಸುವುದಕ್ಕೂ ಬೆಲೆಯುಂಟು. ಮುಂದಾಳು ತಿರುವಿನ ಇಳಿಜಾರನ್ನು ಏರಿ ವೇಗ ಕಳೆದುಕೊಳ್ಳುತ್ತಾನೆ. ಉಳಿದವರು ಕೆಳಗಿನಿಂದ ಮುಂದೆ ಸಾಗಿದ ಮೇಲೆ ಅವನು ಇಳಿದು, ಆ ಇಳಿತದಿಂದಲೇ ವೇಗವನ್ನು ಮರಳಿ ಪಡೆದು, ಸಾಲಿನ ತುದಿಗೆ ಸೇರುತ್ತಾನೆ. ಒಂದು ಕ್ಷಣ ತಡವಾದರೆ ಅಂತರ ಬೀಳುತ್ತದೆ. ಅಂತರ ಬಿದ್ದರೆ ಮರೆ ತಪ್ಪುತ್ತದೆ. ಅದನ್ನು ಮುಚ್ಚಲು, ದಣಿದಿರುವ ಅವನೇ ತನ್ನ ಗಂಟಿಗೆ ಕೈಹಾಕಬೇಕು.

ಆದುದರಿಂದ ಅತಿ ಬಲಶಾಲಿಯಾದ ಸವಾರನು ತನ್ನ ಸರದಿಯಲ್ಲಿ ಹುಮ್ಮಸ್ಸಿನಿಂದ ವೇಗ ಹೆಚ್ಚಿಸಿದರೆ ತಂಡಕ್ಕೆ ಉಪಕಾರವಾಗದು, ಹಿಂದಿನವರು ಕಳಚಿಬೀಳುತ್ತಾರೆ. ಅವನು ಅದೇ ವೇಗದಲ್ಲಿ ಹೆಚ್ಚು ಸುತ್ತುಗಳ ಕಾಲ ಮುಂದೆ ನಿಲ್ಲುವುದೇ ಮೇಲು. ಒಬ್ಬನು ತನ್ನ ಬಲವನ್ನೆಲ್ಲ ಸುರಿದು ಕೊನೆಯ ಸುತ್ತುಗಳಿಗೆ ಮೊದಲೇ ಹೊರಬಿದ್ದರೂ ನಷ್ಟವಿಲ್ಲ. ಗಡಿಯಾರ ಕಾಯುವುದು ಮೂರನೆಯವನಿಗಾಗಿ.

ಕೂಡಿಟ್ಟ ಗಂಟನ್ನು ಎಷ್ಟು ಕಾಲಕ್ಕೆ ಹಂಚಬೇಕೆಂಬುದನ್ನು ದೂರ ನಿರ್ಧರಿಸುತ್ತದೆ; ಗಾಳಿಗೆ ತೆರಬೇಕಾದ ಸುಂಕವನ್ನು ಮರೆ ಇಳಿಸುತ್ತದೆ. ಘನದ ನಿಯಮವನ್ನು ಯಾವ ಸವಾರನೂ ಮುರಿಯಲಾರ. ಅದರ ಭಾರವನ್ನು ನಾಲ್ಕು ಹೆಗಲುಗಳಿಗೆ ಹಂಚಬಹುದು, ಅಷ್ಟೆ. ಆ ಹಂಚಿಕೆಯ ಬೆಲೆ ನಾಲ್ಕು ಸಾವಿರ ಮೀಟರುಗಳಲ್ಲಿ ಹದಿನೆಂಟು ಸೆಕೆಂಡು!